ಒಂದು ಹಲ್ಲು

ಲಗ್ಗೆರೆಯ ನಮ್ಮ ಕ್ರಾಸು ಇಳಿಜಾರು.
ಹಿಂದಿನ ಗಾಲಿಗಳಿಗೆ ಎರಡೆರಡು ಇಟ್ಟಿಗೆ ಒತ್ತು ಕೊಟ್ಟು,
ಜಾಕಿ ಏರಿಸಿ, ಕಳಚಿದ ಚಕ್ರವನ್ನೂ ಹೊಟ್ಟೆಯಡಿ ತಳ್ಳಿ
ಗೋಣಿಚೀಲ ಹಾಸಿ ಕೂತಾಗ ಭಾನುವಾರ ಏಳೂವರೆ.

ಶನಿವಾರವೇ ಜೆ.ಸಿ. ರೋಡಿನಿಂದ ತಂದದ್ದು:
ಬೆಲ್ಟು, ಟೆನ್ಷನರ್, ವಾಟರ್ ಪಂಪು, ಆಯಿಲ್ ಸೀಲು ಎರಡು.
‘ಯಾವ ಗ್ಯಾರೇಜಮ್ಮಾ?’ ಅಂದ ಅಂಗಡಿಯವನು.
ಮನೆ, ಅಂದೆ.
ಬಿಲ್ಲಿನಲ್ಲಿ ಹಾಗೇ ಬರೆದ: ಮನೆ ಗ್ಯಾರೇಜ್.

ಪೀಣ್ಯದಲ್ಲಿ ನನ್ನ ಕೆಲಸ ಹೊಲಿಗೆ ಮಿಷನ್ನುಗಳ ರಿಪೇರಿ.
ಇನ್ನೂರ ಹತ್ತು ಮಿಷನ್ನು, ನಾವು ಮೂವರು.
ಸೂಜಿ ಕೆಳಗಿಳಿದು ಎಳ್ಳುಕಾಳಿನಷ್ಟು ಮೇಲೆದ್ದ ಹೊತ್ತಿಗೆ
ಸರಿಯಾಗಿ ಹುಕ್ಕು ಬಂದು ದಾರ ಹಿಡಿಯಬೇಕು.
ತಡವಾದರೆ ಹೊಲಿಗೆ ತಪ್ಪುತ್ತದೆ,
ಮುಂಚೆ ಬಂದರೆ ಸೂಜಿ ಮುರಿಯುತ್ತದೆ,
ಎರಡಕ್ಕೂ ಸೂಪರ್‌ವೈಸರ್ ಕೂಗುವುದು ನನ್ನ ಹೆಸರನ್ನೇ.
ಈ ಹಳೇ ಜೆನ್ನಿನದೂ ಇಷ್ಟೇ ತಾನೆ ಅಂದುಕೊಂಡು ಶುರುಮಾಡಿದ್ದು.

ಇಷ್ಟೇ ಅಲ್ಲ.
ಕ್ರ್ಯಾಂಕ್ ಪುಲ್ಲಿಯ ನಾಲ್ಕನೇ ಬೋಲ್ಟು
ಒಂದು ಗಂಟೆ ತಿಂದಿತು, ಬೆರಳ ಗೆಣ್ಣಿನ ಚರ್ಮವನ್ನೂ.
ನಡುವೆ ಕಾವೇರಿ ನೀರು ಬಂತು,
ಸಂಪು ತೆಗೀರಿ ಅಂತ ಮಹಡಿಯಿಂದ ರೇವಣ್ಣನವರ ಕೂಗು.
ಗಾಡಿಗೆ ದಾರಿ ಸಾಲದೆ ನಿಂತ ಸೊಪ್ಪಿನವಳು
ಬಾನೆಟ್ಟಿನೊಳಗೆ ಬಗ್ಗಿ ನೋಡಿ,
‘ಇಷ್ಟೊಂದು ಕರುಳಾ ಇದಕ್ಕೆ!’ ಅಂದು
ಎರಡು ಕಟ್ಟು ದಂಟು ಸಾಲ ಕೊಟ್ಟು ಹೋದಳು.

ಬೆಲ್ಟು ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತೆ,
ಅಂದರು ಡಿಪೋದಿಂದ ರಿಟೈರಾದ ಆರೋಗ್ಯದಾಸ್.
ಈ ಇಂಜಿನ್ನಲ್ಲಿ ಬಡಿಯಲ್ಲ ಅಂಕಲ್, ಅಂದ ಎದುರುಮನೆ ಹುಡುಗ.
ಇಬ್ಬರೂ ನನ್ನ ಕಾಫಿಯನ್ನೇ ಕುಡಿದರು.
ಹರಿಯುವ ತನಕ ಕಾದವರಿಗೆ ಮಾತ್ರ ತಿಳಿಯುವ ಸತ್ಯ ಅದು.
ನನಗೆ ಬೇಡ.

ಕವರು ಬಿಚ್ಚಿದೆ. ಅದರ ಒಳಮೈಯಲ್ಲಿ,
ಕರಿಧೂಳು ಒರೆಸಿದಂತೆಲ್ಲ ಮೇಲೆ ಬಂದ ಬಿಳಿ ಪೇಂಟಿನ ಅಕ್ಷರ:
ಇಸ್ಮಾಯಿಲ್. 61,340. ಯುಗಾದಿ ಹಿಂದಿನ ದಿನ.
ಯಾವ ಯುಗಾದಿಯೋ, ವರ್ಷ ಬರೆದಿಲ್ಲ.
ನನಗಿಂತ ಮೊದಲು ಮೂವರ ಕೈ ದಾಟಿದ ಕಾರು,
ಮೂವರ ಹೆಸರೂ ಆರ್‌ಸಿ ಬುಕ್ಕಿನಲ್ಲಿದೆ.
ಇವನ ಹೆಸರಿರುವುದು ಇಲ್ಲೊಂದೇ ಕಡೆ,
ಬಿಚ್ಚಿದವರಿಗಷ್ಟೇ ಕಾಣುವಂತೆ.

ಇಂಚರಳ ಗುಲಾಬಿ ನೈಲ್ ಪಾಲಿಷ್ ಇಸಿದುಕೊಂಡು
ಮೇಲಿನ ಹಲ್ಲುಗಾಲಿಗೊಂದು, ಕೆಳಗಿನದಕ್ಕೊಂದು ಚುಕ್ಕೆ ಇಟ್ಟೆ.
ಹಳೇ ಬೆಲ್ಟು ಬಿಟ್ಟುಕೊಂಡಿತು.
ಅದರ ಬೆನ್ನು ನಮ್ಮಜ್ಜಿಯ ಹಿಮ್ಮಡಿ, ಅಷ್ಟು ಬಿರುಕು.
ಪಂಪು ಕಿತ್ತಾಗ ಬೇಸಿನ್ನು ಮೀರಿದ ಹಸಿರು ನೀರು
ಪಕ್ಕದ ಮನೆಯ ರಂಗೋಲಿಯನ್ನು ಕೊಚ್ಚಿಕೊಂಡು ಹೋಯಿತು.
ಎರಡು ಬಕೆಟ್ ನೀರು ಹೊಯ್ದು ತೊಳೆದೆ,
ನಾಳೆ ನಾನೇ ಇಡುತ್ತೇನೆ ಅಂದೆ. ಚುಕ್ಕೆ ಎಷ್ಟು ಅಂತ ಕೇಳಲಿಲ್ಲ.

ಹೊಸ ಪಂಪು, ಹೊಸ ಸೀಲು, ಹೊಸ ಬೆಲ್ಟು. ಸ್ಪ್ರಿಂಗು ಎಳೆಯಿತು.
ಸ್ಪ್ಯಾನರ್ ಹಿಡಿದು ಕೈಯಲ್ಲೇ ಇಂಜಿನ್ ತಿರುಗಿಸಿದೆ,
ಒಂದು ಸುತ್ತು, ಎರಡು ಸುತ್ತು.
ಕೆಳಗಿನ ಚುಕ್ಕೆ ಬಾಣಕ್ಕೆ ಬಂದು ನಿಂತಿತು,
ಮೇಲಿನದು ಕಚ್ಚಿನಿಂದ ಚೂರು ಆಚೆ.
ಇಂಚರ ಟಾರ್ಚು ಬಿಟ್ಟು ಎಣಿಸಿದಳು,
ಬಿದ್ದ ಹಲ್ಲಿನ ಸಂದಿಯಲ್ಲಿ ನಾಲಗೆ ಇಟ್ಟುಕೊಂಡು:
‘ಒಂದು ಹಲ್ಲು ತಪ್ಪು, ಅಮ್ಮ.’

ನಾಲ್ಕೂವರೆ. ಕತ್ತಿನ ನರ ಹಿಡಿದಿತ್ತು.
ಒಂದೇ ಹಲ್ಲು ತಾನೆ, ಓಡುತ್ತೆ ಬಿಡಿ ಅಂದ ಹುಡುಗ.
ದಾಸ್ ಏನೂ ಅನ್ನದೆ ಹನ್ನೆರಡರ ಸ್ಪ್ಯಾನರ್ ಕೈಗೆ ಕೊಟ್ಟರು.
ಮತ್ತೆ ಸಡಿಲಿಸಿದೆ.

ಕವರು ಮುಚ್ಚುವ ಮೊದಲು ಇಸ್ಮಾಯಿಲನ ಕೆಳಗೆ
ನೈಲ್ ಪಾಲಿಷಿನಲ್ಲಿ ಬರೆದೆ:
ಸಾಕಮ್ಮ. 1,18,902. ಮಗಳ ಮೊದಲ ಹಲ್ಲು ಬಿದ್ದ ವಾರ.
ವರ್ಷ ನಾನೂ ಬರೆಯಲಿಲ್ಲ.

ಆಮೇಲೆ ಕೀಲಿ. ಎರಡನೇ ಸಲಕ್ಕೆ ಹತ್ತಿಕೊಂಡಿತು.
ದಾಸ್ ಕಿವಿ ಕೊಟ್ಟು ಕೇಳುತ್ತ ನಿಂತರು,
ಹುಡುಗ ಇಟ್ಟಿಗೆ ಸರಿಸಲು ಓಡಿದ.
‘ಇನ್ನೂ ಚಕ್ರ ಹಾಕಿಲ್ಲ ಕಣೋ!’