ಕಾಯಿ

ಗ್ಯೂಮ್ರಿಯ ಹಳೇ ಮಾರುಕಟ್ಟೆಯ ಹಿಂದೆ
ನನ್ನದೊಂದು ಕ್ಷೌರದಂಗಡಿ. ಎರಡು ಕುರ್ಚಿ.
ಒಂದರ ಬೆನ್ನು ಮುರಿದು ವರ್ಷವಾಯಿತು,
ಅದರ ಮೇಲೀಗ ಚದುರಂಗದ ಮಣೆ.

ಐವತ್ತೆರಡಕ್ಕೆ ಕಲಿಯಲು ಕೂತೆ.
ಗುರುವಿಗೆ ಒಂಬತ್ತು ವರ್ಷ, ಹೆಸರು ಶೋಘಿಕ್.
ಎದುರಿನ ರೊಟ್ಟಿ ಭಟ್ಟಿಯಲ್ಲಿ ತಾಯಿಯ ಕೆಲಸ ಮುಗಿಯುವತನಕ
ಕಾಲು ನೆಲಕ್ಕೆಟುಕದ ಸ್ಟೂಲಿನ ಮೇಲೆ ಕೂತು
ನನ್ನ ರಾಜನನ್ನು ದಿನಕ್ಕೆ ಮೂರು ಸಲ ಕೊಲ್ಲುತ್ತಾಳೆ.
ಶಾಲೆಯಲ್ಲಿ ಮಗ್ಗಿಯ ಜೊತೆ ಇದನ್ನೂ ಕಲಿಸುತ್ತಾರಂತೆ.
ನಮ್ಮ ಕಾಲಕ್ಕೆ ಮಗ್ಗಿ ಮಾತ್ರ. ಅದೂ ನನಗೆ ಏಳರವರೆಗೆ.

ನಮ್ಮಲ್ಲಿ ಆನೆ ಓರೆಯಾಗಿ ನಡೆಯುತ್ತದೆ.
ಮೂಲೆಗಳಲ್ಲಿ ನಿಂತಿರುವುದು ದೋಣಿ.
ಕಡಲೇ ಇಲ್ಲದ ನಾಡಿಗೆ ಎರಡೆರಡು ದೋಣಿ!
ನಾನು ಅವನ್ನೇ ಮೊದಲು ನೀರಿಗಿಳಿಸಲು ಹೋದೆ.
"ಮೊದಲು ಕುದುರೆ ಬಿಚ್ಚಿ, ಮಾಮ."
ಕುದುರೆ ಬಿಚ್ಚಲು ಕಲಿತೆ. ಆದರೆ ರಾಣಿ ಕೇಳಬೇಕಲ್ಲ,
ಅಡುಗೆಯವರಿಗಿಂತ ಮೊದಲೇ ಮದುವೆಮನೆಗೆ ಬಂದ ಬೀಗಿತ್ತಿಯಂತೆ
ಮೂರನೇ ನಡೆಗೇ ಅಂಗಳದಲ್ಲಿ ಹಾಜರು.
ಶೋಘಿಕಳ ಪುಟ್ಟ ಕಾಲಾಳುಗಳು
ಅವಳನ್ನು ಮನೆಯಿಂದ ಮನೆಗೆ ಅಟ್ಟಿದವು.

ಸೋತದ್ದನ್ನೆಲ್ಲ ಬರೆದಿಡಿ ಎಂದಳು.
ಬೇರೆ ಪುಸ್ತಕವಿಲ್ಲ. ಸಾಲದ ಪುಸ್ತಕವನ್ನೇ ತಿರುವಿ ಹಿಂದಿನಿಂದ ಬರೆದೆ.
ಮುಂದಿನಿಂದ: ತಾಮ್ರಗಾರ ವಾಹ್ರಮ್, ಎರಡು ಕ್ಷೌರ, ಬಾಕಿ.
ಹಿಂದಿನಿಂದ: ಒಂಬತ್ತು ನಡೆ, ಸೋಲು. ಏಳು ನಡೆ, ಸೋಲು.
ಹನ್ನೊಂದು. ಮತ್ತೆ ಏಳು.
ಹೀಗೇ ಹೋದರೆ ಸಾಲವೂ ಸೋಲೂ
ನಡುಪುಟದಲ್ಲಿ ಸಂಧಿಸುವುದು ಖಂಡಿತ.

ಒಂದು ಸಂಜೆ ಪುಟಗಳ ಮೇಲೆ ಬೆರಳಾಡಿಸಿ
ಅವಳು ನಕ್ಕಳು, ವೈದ್ಯರು ನಗುವ ಹಾಗೆ.
"ನೀವು ಯಾವಾಗಲೂ ಒಂದೇ ಬಾಗಿಲಲ್ಲಿ ಸಾಯುತ್ತೀರಿ."
ನೋಡಿದೆ. ಹೌದು. ರಾಜನ ಮಗ್ಗುಲ ಆನೆಯ ಮುಂದಿನ ಕಾಲಾಳು,
ರಾಜನೊಬ್ಬನ ಹೊರತು ಯಾರೂ ಕಾಯದವನು.
ಹತ್ತೊಂಬತ್ತು ಸಲ ಕಳ್ಳ ಅಲ್ಲಿಂದಲೇ ನುಗ್ಗಿದ್ದ.
ಹತ್ತೊಂಬತ್ತು ಸಲ ನಾನು ಬೇರೆ ಕಿಟಕಿಗೆ ಚಿಲಕ ಹಾಕುತ್ತಿದ್ದೆ.

ಮುಖ್ಯ ರೋಗ ಕೈಯದು.
ಮೂವತ್ತು ವರ್ಷ ಕಣ್ಣಿಗಿಂತ ಮುಂದೆ ಓಡಿದ ಕೈ,
ಕತ್ತರಿಯಿಲ್ಲದಾಗಲೂ ಗಾಳಿಯನ್ನು ಕತ್ತರಿಸುತ್ತಿರುತ್ತದೆ.
ಮುಟ್ಟಿದ ಕಾಯಿ ಆಡಲೇಬೇಕು, ಅವಳ ಕಾನೂನು ಕಠಿಣ.
ಕತ್ತರಿಸಿದ ಕೂದಲನ್ನು ಮತ್ತೆ ಅಂಟಿಸಲಾಗದೆಂದು
ಎಷ್ಟು ಶಿಷ್ಯರಿಗೆ ಗದರಿದ್ದೇನೆ ನಾನೇ!
ಕೊನೆಗೆ ಅವಳೇ ಮದ್ದು ಕಂಡುಹಿಡಿದಳು:
ಬಲಗೈಗೆ ಒಂದು ಬಾಚಣಿಗೆ.
ಆಡುವ ಮುನ್ನ ಅದನ್ನು ಕೆಳಗಿಡಬೇಕು.
ಕೆಳಗಿಡುವಷ್ಟರಲ್ಲಿ ಕೇಳಿಕೊಳ್ಳಬೇಕು:
ಅವಳೇಕೆ ಅಲ್ಲಿಟ್ಟಳು?
ಅಷ್ಟೇ. ನನಗೇನು ಬೇಕು ಎಂಬುದು ಆಮೇಲೆ.

ಈ ಪ್ರಶ್ನೆಯನ್ನು ಮದುವೆಗೆ ಮೊದಲೇ ಯಾರಾದರೂ ಕಲಿಸಿದ್ದರೆ
ನ್ವಾರ್ದ್ ಅಷ್ಟು ಸಲ ತವರಿಗೆ ಹೋಗುತ್ತಿರಲಿಲ್ಲ.
ಇರಲಿ.

ನಿನ್ನೆ ಹಿಮ. ಗಿರಾಕಿಗಳಿಲ್ಲ.
ಅವಳ ಕುದುರೆ ಬಂದು, ಬಾಯಿಗೇ ಹಿಡಿದ ತುತ್ತಿನಂತೆ ನಿಂತಿತು.
ಬಾಚಣಿಗೆ ಬಿಗಿ ಹಿಡಿದೆ. ಅವಳೇಕೆ ಅಲ್ಲಿಟ್ಟಳು?
ಒಲೆಯ ಮೇಲೆ ಕೆಟಲ್ಲಿನ ನೀರು ಕುದಿದು ಇಂಗಿತು.
ಆಮೇಲೆ ಕಂಡಿತು, ಬಹಳ ದೂರದಲ್ಲಿ
ಅವಳ ಆನೆ, ಓರೆಗಣ್ಣಿನಲ್ಲಿ, ಉಸಿರು ಬಿಗಿಹಿಡಿದು.
ಕುದುರೆಯನ್ನು ಬಿಟ್ಟುಬಿಟ್ಟೆ.
ಸ್ಟೂಲಿನ ಕೆಳಗೆ ತೂಗುತ್ತಿದ್ದ ಅವಳ ಕಾಲುಗಳು ನಿಂತವು.

ಗೆದ್ದೆನೇ? ಇಲ್ಲ.
ನಮ್ಮ ಮಣೆಯಲ್ಲಿ ಒಂದು ಬಿಳಿ ಕಾಲಾಳು ಎಂದೋ ಕಳೆದುಹೋಗಿ
ಅದರ ಜಾಗದಲ್ಲಿ ಪಟಿಕದ ಚೂರಿದೆ, ಗಡ್ಡದ ಗಾಯಕ್ಕೆ ಹಚ್ಚುವಂಥದು.
ಅದು ಒಂದೊಂದೇ ಹೆಜ್ಜೆ ನಡೆಯಿತು. ಇನ್ನೊಂದು ಮನೆ,
ರಾಣಿಯಾಗುತ್ತಿತ್ತು.
ನನ್ನ ಮಗ್ಗಿಯ ಹಾಗೆ ಏಳಕ್ಕೆ ನಿಂತಿತು.
ನಲವತ್ತೊಂದನೇ ನಡೆಯಲ್ಲಿ ಮಡಿದೆ.
"ಇವತ್ತು ನನಗೆ ಬೆವರು ಬಂತು," ಎಂದಳು ಶೋಘಿಕ್
ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಸ್ವಲ್ಪ ಸಿಟ್ಟಿನಿಂದ.

ಅವಳು ಹೋದ ಮೇಲೆ ಪುಸ್ತಕದಲ್ಲಿ ನಲವತ್ತೊಂದು ಎಂದು ಬರೆದು
ಕೆಳಗೆ ಗೆರೆ ಎಳೆದೆ. ಎರಡು ಗೆರೆ.
ಬೆರಳು ಬಾಯಿಗೆ ಹೋಯಿತು, ಪುಟ ತಿರುವುವ ಚಾಳಿ.
ಪಟಿಕದ ಒಗರು.
ಇನ್ನೂ ಕಾಯಿ.