ಬಿಚ್ಚದ ಸಾಲು

ಎರಡು ಶಬ್ದ, ಮೂವತ್ತಾರು ಪಾಯಿಂಟಿನ ದಪ್ಪ ಮೊಳೆ,
ಸುತ್ತ ಹುರಿ ಬಿಗಿದು ಮಾಡದಾಗ ಇಟ್ಟಿದ್ರು
ನಮ್ಮ ಮಾಲಕರು, ಸಂಕಣ್ಣ ಬಣಕಾರರು:
ಧಾರವಾಡ ದಕ್ಷಿಣ.
"ಬಿಚ್ಚಬ್ಯಾಡೋ ಮೌಲಾ,
ಐದು ವರ್ಷಕ್ಕ ಮತ್ತ ಬೇಕಾಕ್ಕೈತಿ."
ಐದಕ್ಕೂ ಮೊದಲ ಬೇಕಾಗಿದ್ದುಂಟು.
ಒಮ್ಮೆ ಅಂತೂ
ಬೆರಳಿನ ಮಸಿ ಹೋಗೂ ಮುಂಚೆ.

ಮೊಳೆ ಜೋಡಿಸಾವ ಓದೂದು ತಿರುವುಮುರುವು.
ಹಾವೇರಿಯ ಚುನಾವಣಿ ಎಲ್ಲಾ
ನಾ ಕನ್ನಡ್ಯಾಗ ನೋಡಿದಂಗ ಓದೀನಿ,
ಎಡದ್ದು ಬಲಕ್ಕ, ಬಲದ್ದು ಎಡಕ್ಕ.
ತಪ್ಪು ಓದೀನಿ ಅಂತ ಮಾತ್ರ ಅನಬ್ಯಾಡ್ರಿ.

ಮೊದಲನೇದ್ದು ನಾ ಕಂಡಿಲ್ಲ, ಅಪ್ಪ ಹೇಳಿದ್ದು.
ನಾವಿನ್ನೂ ಮುಂಬಯಿ ಸರಕಾರದ ಮಂದಿ,
ಒಬ್ಬೊಬ್ಬ ಹುರಿಯಾಳಿಗೂ ಒಂದೊಂದು ಪೆಟ್ಟಿಗಿ.
ಓಣಿಯ ಗಿರಿಜವ್ವ ಎಲ್ಲಾ ಪೆಟ್ಟಿಗಿಗೂ ಕುಂಕುಮ ಹಚ್ಚಿ,
ಚೀಟಿ ಸೆರಗಿನಾಗ ಗಂಟು ಹಾಕ್ಕೊಂಡು ತಿರುಗಿ ಬಂದ್ಲಂತ.
ನಮ್ಮವ್ವಗ ಅಷ್ಟೂ ಇಲ್ಲ.
ಪಟ್ಟಿಯಾಗ 'ದಾವಲಸಾಬನ ಹೆಂಡತಿ' ಅಂತ ಬರದು,
ಹೆಸರಿಲ್ಲದವರ ಓಟು ನಡಿಯೂದಿಲ್ಲ ಅಂತ
ಅದನ್ನೂ ಹೊಡದು ಹಾಕಿದ್ರಂತ.

ಮುಂದ ಪಟ್ಟಿ ಅಚ್ಚು ಹಾಕೂ ಕೆಲಸ
ನಮ್ಮ ಪ್ರೆಸ್ಸಿಗೇ ಬಂತು.
ಖಾತೂನಬಿ.
ನಾಕ ಅಕ್ಷರ.
ಅವತ್ತು ರಾತ್ರಿ ಕಂದೀಲು ಹಿಡಕೊಂಡು
ಮೂರು ಸಲ ಎಣಿಸಿದೆ.

ಗೆದ್ದವರ ಪೋಸ್ಟರ್ ನಮ್ಮಲ್ಲಿ ಎಂದೂ ಆಗಲಿಲ್ಲ.
ಅವು ಬಣ್ಣ ಬಣ್ಣದಾಗ ಲಾರಿ ಮ್ಯಾಲೆ ಬರತಿದ್ವು.
ಎಣಿಕಿ ದಿನ ಏಲಕ್ಕಿ ಹಾರದ ವಾಸನಿ
ಪಿ.ಬಿ. ರೋಡಿನ ತನಕ ಬರತಿತ್ತು.
ಹಾರ ಎರಡೂ ಕಡೆಯವರು ಹೇಳಿ ಮಾಡಿಸಿರತಿದ್ರು;
ಸೋತವರ ಹಾರ ಬಿಚ್ಚಿ, ಎಂಟು ದಿನ
ಚಾದಂಗಡ್ಯಾಗ ಬಡವರೂ ಏಲಕ್ಕಿ ಚಾ ಕುಡದೀವಿ.

ನಮ್ಮ ಗಿರಾಕಿ ಅಂದ್ರ ಠೇವಣಿ ಕಳಕೊಳ್ಳಾವರು.
ತಕ್ಕಡಿ ಗುರುತಿನ ಚನ್ನವೀರ ಮಾಸ್ತರ,
ಕಾಗುಣಿತ ತಿದ್ದತಾ ತಿದ್ದತಾ
ಪ್ರಚಾರದ ದಿನ ಮುಗದ ಹೋತು.
ಬೀಡಿ ಅಂಗಡಿ ಕರಬಸುಗ ಏಣಿ ಗುರುತು.
ಏಣಿ ಬ್ಲಾಕು ಇರಲಿಲ್ಲ. ಎರಡು ಗೆರಿ ನಿಲ್ಲಿಸಿ
ನಡುವ ಐದು ಅಡ್ಡಗೆರಿ ಇಟ್ಟು ಮಾಡಿಕೊಟ್ಟೆ.
ಎಂಟುನೂರಾ ಹನ್ನೊಂದು ಓಟು ಬಿದ್ವು.
ಬಾಕಿ ಕೊಡಾಕ ಬಂದಾವ ನಕ್ಕೋತ ಅಂದ,
"ಏಣಿ ಭಾಳ ಸಪೂರ ಆತಲೇ ಮೌಲಾ."

ಮತ್ತ ಹೊಲಿಗಿ ಮಶೀನಿನ ಗಂಗವ್ವ ಯರೇಸೀಮಿ.
ಇಡೀ ಹಾಳಿಗೆ ಒಂದ ಸಾಲು:
ಹಾವೇರಿ ಟೇಶನ್ನಿನೊಳಗ ಹೆಂಗಸರಿಗೆ ಪಾಯಖಾನೆ.
"ಉಳಿದ ಜಾಗಾ ಖಾಲಿ ಐತೆಲ್ಲವ್ವಾ?"
"ಖಾಲಿನ ಇರಲಿ. ಅವರು ತುಂಬತಾರ, ದೇಶಾ ಕಟ್ಟತೀವಿ ಅಂತ."
ಮೂರು ಸಲ ನಿಂತ್ಲು, ಮೂರೂ ಸಲ ಅದ ಸಾಲು.
ಅದಕ್ಕೂ ಹುರಿ ಬಿಗಿದು ಇಟ್ಟೆ.
ಠೇವಣಿ ಐನೂರು ಹೋಗಿ ಹತ್ತು ಸಾವಿರ ಆದ ವರ್ಷ
ಆಕಿ ಬರಲಿಲ್ಲ.

ಆಮ್ಯಾಲ ದಿಲ್ಲ್ಯಾಗ ಯಾರೋ ನಕಾಶಿ ಹಾಸಿ
ಗೆರಿ ಅಳಿಸಿ ಗೆರಿ ಕೊರದ್ರು.
ಕ್ಷೇತ್ರಕ್ಕ ನಮ್ಮ ಊರಿನ ಹೆಸರ ಬಂತು.
ಪ್ಯಾಟ್ಯಾಗ ಪಟಾಕಿ.
ನಾ ಮಾಡದಿಂದ ಧಾರವಾಡ ದಕ್ಷಿಣ ತಗದೆ.
ಹುರಿ ಕೈಯಾಗ ಪುಡಿ ಆತು,
ಮೊಳೆ ಮಾತ್ರ ಬಿಡವಲ್ವು, ಹಳೇ ಮಸಿ ಹಿಡದು
ಒಂದಕ್ಕೊಂದು ಅಂಟಿದ್ವು.
ಸೀಮೆಎಣ್ಣಿ ಹಾಕಿ, ಒಂದೊಂದ ಬಿಡಿಸಿ,
ಅವುಗಳ ಮನಿಗೆ ಅವನ್ನ ಕಳಿಸಿದೆ.
ಮುಕ್ಕಾದ ಆ 'ಕ್ಷಿ'
ಈಗ ಯಾರದೋ ಕರಾರುಪತ್ರದಾಗ
ಸಾಕ್ಷಿ ಅನ್ನೂದರ ಕಡೀಗೆ ಕುಂತೈತಿ.

ಮೊನ್ನೆ ಗಂಗವ್ವ ಬಂದಿದ್ಲು, ಕೋಲು ಊರಿ.
ಟೇಶನ್ನಿನಾಗ ಪಾಯಖಾನೆ ಆಗೇತಿ,
ಕಟ್ಟಿಸಿದವರ ಹೆಸರೂ ಕಲ್ಲಾಗ ಕೊರದಾರ,
ಬಾಗಲಕ್ಕ ಕೀಲಿ.
"ನಿಲ್ಲೂದಿಲ್ಲೋ ತಮ್ಮಾ, ಬರೇ ಹಾಳಿ ಹಂಚತೀನಿ.
ಹಳೇ ಸಾಲು ಐತೇನು?"
ಐತಿ ಅಂದೆ.
"ಹಂಗಾದ್ರ ಪಾಯಖಾನೆಯ ಹಿಂದ ಎರಡು ಶಬ್ದ ಸೇರಸು:
ಕೀಲಿ ಇಲ್ಲದ."

ಕನ್ನಡಕ ಏರಿಸಿ ಹುಡಕಾಕತ್ತೀನಿ.
ಎಲ್ಲಾ ಸಿಕ್ಕಾವು,
ಲಕಾರದ ಒತ್ತು ಒಂದು
ಕಡಿಮಿ ಬಿದ್ದೈತಿ.