ಸಕ್ಕರಿ ಚೆಲ್ಲಿದಂಗ

ಚೌಕ ಬಜಾರದಾಗ ಹತ್ತು ರೂಪಾಯಿಗೆ ಒಂದು ಪುಡಿಕಿ ಚಮಕಿ.
ಮೂರು ಪುಡಿಕಿ ತಗೊಂಡು, ಬಸ್ಸಿನ ರೊಕ್ಕ ಉಳಿಸಿ,
ಹುಮನಾಬಾದ್ ಬೇಸಿನ ತನಕ ನಡದೇ ಬಂದೆ.

ಅಂಗಿ ಹೊಲದು ಎಂಟು ದಿನ ಆತು:
ಯಾರದೋ ಮದವಿ ಬ್ಲೌಸಿನಾಗ ಉಳದ ತುಂಡು,
ಒಳಗ ಅವರಪ್ಪನ ಹಳೀ ಧೋತ್ರದ ಅಸ್ತರ.
ಚುಚ್ಚಬಾರದು ನೋಡ್ರಿ, ಐದು ವರ್ಷದ ಮೈ.

ಸೂಜಿ, ಚಮಕಿ, ಮ್ಯಾಲೊಂದು ಮಣಿ,
ತಿರಗಿ ಅದೇ ತೂತಿನಾಗ ಸೂಜಿ.
ಕರೆಂಟ್ ಹೋತು. ಆಮ್ಯಾಲ ಬೆರಳೇ ನೋಡ್ತಾವ.
ಗಂಟು ಹಾಕಿದಾಗೊಮ್ಮೆ ಅಂಗಿ ಎತ್ತಿ
ನನ್ನ ಗಲ್ಲಕ್ಕ ತಿಕ್ಕಿ ನೋಡ್ತೀನಿ.

ಭಾಗ್ಯವಂತಿ ಬಾಜೂಕ ಕುಂತು ಹುಕುಂ ಕೊಡ್ತಾಳ:
ಹೂವು ಬ್ಯಾಡ. ಬಳ್ಳಿ ಬ್ಯಾಡ.
"ಹೆಂಗರ ಹಚ್ಚವ್ವ, ಸಕ್ಕರಿ ಚೆಲ್ಲಿದಂಗ."
ಹದಿನಾರು ವರ್ಷ ಸಾಲು ಹಿಡದ ಕೈಗೆ
ಚೆಲ್ಲೋದು ಬರಂಗಿಲ್ಲ. ಎರಡು ಸಲ ಬಿಚ್ಚಿದೆ.

ಬ್ಯಾಳ್ಯಾಗ ಚಮಕಿ ಬಂತಂತ ಅತ್ತಿ ಗೊಣಗ್ತಾಳ.
ಅವರಪ್ಪನ ಗಡ್ಡದಾಗ ಒಂದು;
ಹಂಗೇ ದಿನಪೂರ್ತಿ ಆಟೋ ಹೊಡದು ಬಂದಾನ,
ಎಲ್ಲಾರೂ ನಕ್ಕಾರ, ಒಬ್ಬರೂ ಹೇಳಿಲ್ಲ.

ಇವತ್ತು ಮುಂಜಾನಿ ತೊಡಿಸಿದೆ.
ಬಾಗಲ ಬಿಸಲಿಗೆ ಫರಸಿ ಮ್ಯಾಲ ನಿಂತಳು,
ಸುಣ್ಣದ ಗ್ವಾಡಿ ತುಂಬ ಬೆಳಕಿನ ಚುಕ್ಕಿ.
ಹಿಡಿಯಾಕ ಓಡಿದರ ಅವೂ ಓಡ್ತಾವ.
ತಿಳೀತು ಆಕಿಗೆ. ಕೈ ಸುದ್ದಾ ಅಲ್ಲಾಡಿಸದ
ನೆಟ್ಟಗ ನಿಂತಳು.

ಆದರೂ ಗ್ವಾಡಿ ಮ್ಯಾಲ ಚುಕ್ಕಿ
ಸಣ್ಣಗ ಏರ್ತಾವ, ಸಣ್ಣಗ ಇಳೀತಾವ,
ಆಕಿ ಉಸರಿನ ಕೂಡ.
ಟೇಪು ಹಿಡದು ನಾ ತಗೊಳ್ಳದ ಅಳತಿ.